ಎಸ್‌ಆರ್‌ಪಿಕೆ1 ಕೈನೇಸ್: ಟ್ಯೂಬ್ ತೆರೆಯುವುದರಿಂದ ಸ್ಪ್ಲೈಸಿಂಗ್ ಪ್ರಯೋಗದವರೆಗೆ

ಎಸ್‌ಆರ್‌ಪಿಕೆ1 ಒಂದು ಕೈನೇಸ್, ಅಂದರೆ ಎಟಿಪಿಯಿಂದ ಫಾಸ್ಫೇಟ್ ತೆಗೆದು ಬೇರೆ ಪ್ರೋಟೀನಿಗೆ ಹಚ್ಚುವ ಕಿಣ್ವ. ಮಾನವ ಎಸ್‌ಆರ್‌ಪಿಕೆ1 ಕೊಂಡಾಗ ಟ್ಯೂಬಿನ ಚೀಟಿಯ ಮೇಲೆ ಕಾಣುವುದು ತೂಕ: 10 ಮೈಕ್ರೊಗ್ರಾಂ, ಮಿಲಿಲೀಟರಿಗೆ 0.1 ಮಿಲಿಗ್ರಾಂ, ಹೀಗೆ. ಆ ಪ್ರೋಟೀನಿನಲ್ಲಿ ಎಷ್ಟು ಪಾಲು ಕೆಲಸ ಮಾಡುತ್ತಿದೆ, ನಿಮ್ಮ ಬಫರಿನಲ್ಲಿ ನಿಮ್ಮ ಸಬ್‌ಸ್ಟ್ರೇಟಿಗೆ (ಫಾಸ್ಫೇಟ್ ಪಡೆಯುವ ಪ್ರೋಟೀನಿಗೆ) ನಿಮಿಷಕ್ಕೆ ಎಷ್ಟು ಫಾಸ್ಫೇಟ್ ಹಚ್ಚುತ್ತದೆ ಎಂಬುದನ್ನು ನೀವೇ ಅಳೆಯಬೇಕು. ಈ ಒಂದು ಅಳತೆಗೆ ಎರಡು ದಿನ ಕೊಟ್ಟರೆ ಮುಂದಿನ ಎರಡು ತಿಂಗಳು ಉಳಿಯುತ್ತದೆ. ಈ ಬರಹದ ಬಹುಭಾಗ ಆ ಎರಡು ದಿನಗಳ ಕೆಲಸದ ಬಗ್ಗೆಯೇ ಇದೆ.

ಮೊದಲು ಕಿಣ್ವದ ಪರಿಚಯ ಚುಟುಕಾಗಿ. 1994ರಲ್ಲಿ ಸ್ಯಾನ್ ಡಿಯಾಗೊದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಶಿಯಾಂಗ್-ಡಾಂಗ್ ಫೂ ಅವರ ಗುಂಪು ಇದನ್ನು ಗುರುತಿಸಿತು. 655 ಅಮೈನೊ ಆಮ್ಲಗಳು, ಲೆಕ್ಕದ ತೂಕ ಸುಮಾರು 74 ಕಿಲೊಡಾಲ್ಟನ್. ಆದರೆ ಪ್ರೋಟೀನುಗಳನ್ನು ಗಾತ್ರದಂತೆ ಬೇರ್ಪಡಿಸುವ ಜೆಲ್‌ನಲ್ಲಿ, ಟ್ಯಾಗ್ (ಶುದ್ಧಿ ಮಾಡುವಾಗ ಹಿಡಿಯಲು ಜೋಡಿಸಿದ ತುಣುಕು) ಇಲ್ಲದ ಪೂರ್ಣ ಪ್ರೋಟೀನ್ 90ರ ಆಸುಪಾಸಿನಲ್ಲಿ ಓಡುತ್ತದೆ. ಅದನ್ನು ಕಂಡು ತಪ್ಪು ಪ್ರೋಟೀನ್ ಬಂದಿದೆ ಎಂದು ಗಾಬರಿಯಾಗಬೇಡಿ. ಇದು ಹಿಡಿಯುವುದು ಆರ್ಜಿನಿನ್-ಸೀರಿನ್ ಜೋಡಿ ಸಾಲಾಗಿ ಬರುವ ಜಾಗವನ್ನು, ಅಂದರೆ ಸ್ಪ್ಲೈಸಿಂಗ್ (ಆರ್‌ಎನ್‌ಎಯ ಬೇಡದ ತುಂಡುಗಳನ್ನು ಕತ್ತರಿಸಿ ಉಳಿದವನ್ನು ಜೋಡಿಸುವ ಕೆಲಸ) ನಡೆಸುವ ಎಸ್‌ಆರ್ ಪ್ರೋಟೀನುಗಳ ಬಾಲವನ್ನು. ಫಾಸ್ಫೇಟ್ ಕೂರುವುದು ಸೀರಿನ್ ಮೇಲೆ. ಅನೇಕ ಕೈನೇಸುಗಳಂತೆ ಆಕ್ಟಿವೇಷನ್ ಲೂಪ್‌ಗೆ ಮೊದಲೇ ಫಾಸ್ಫೇಟ್ ಬೇಕು, ಜೊತೆಗೊಂದು ಸೈಕ್ಲಿನ್ (ಕೈನೇಸಿಗೆ ಚಾಲನೆ ಕೊಡುವ ಜೊತೆ ಪ್ರೋಟೀನ್) ಬೇಕು ಎಂಬ ಷರತ್ತು ಇದಕ್ಕಿಲ್ಲ. ಆದ್ದರಿಂದ ಇ. ಕೋಲಿಯಲ್ಲಿ ಬೆಳೆಸಿದರೂ ಚೆನ್ನಾಗಿ ಕೆಲಸ ಮಾಡುತ್ತದೆ. ಹೊಸದಾಗಿ ಕೈನೇಸ್ ಕೆಲಸ ಕಲಿಯುವವರಿಗೆ ಇದನ್ನು ಶಿಫಾರಸು ಮಾಡಲು ಇದೂ ಒಂದು ಕಾರಣ.

ನಿಮ್ಮ ಪ್ರಶ್ನೆ ಪ್ರತಿಲೇಖನದ ಬಗ್ಗೆಯಾದರೆ, ಅಂದರೆ ಆರ್‌ಎನ್‌ಎ ಪಾಲಿಮರೇಸ್-2ರ ಬಾಲದ ಬಗ್ಗೆಯಾದರೆ, ನೀವು ಕೊಳ್ಳಬೇಕಾದದ್ದು ಸಿಡಿಕೆ9/ಸೈಕ್ಲಿನ್ ಟಿ1 ಅಥವಾ ಸಿಡಿಕೆ12/ಸೈಕ್ಲಿನ್ ಕೆ. ಅವು ಜೋಡಿ ಪ್ರೋಟೀನುಗಳು. ಕೀಟ ಕೋಶದಲ್ಲಿ ಒಟ್ಟಿಗೆ ಬೆಳೆಸಿರಬೇಕು, ಸಿಡಿಕೆ9ರಲ್ಲಿ 186ನೇ ಥ್ರಿಯೊನಿನ್ ಮೇಲೆ ಫಾಸ್ಫೇಟ್ ಇರಬೇಕು, ಸೈಕ್ಲಿನ್ ಕಳಚಿಕೊಂಡರೆ ಕಿಣ್ವ ಸತ್ತಂತೆ. ಇನ್ನೂ ಒಂದು ತೊಡಕು: ಕೋಶದೊಳಗೆ ಸಿಡಿಕೆ9 ಎಂದರೆ ಸೀರಿನ್-2 (ಪಾಲಿಮರೇಸ್ ಬಾಲದಲ್ಲಿ ಮತ್ತೆ ಮತ್ತೆ ಬರುವ ಏಳು ಅಮೈನೊ ಆಮ್ಲಗಳ ಸಾಲಿನಲ್ಲಿ ಎರಡನೆಯದು) ಎನ್ನುವುದು ರೂಢಿ. ಟ್ಯೂಬಿನೊಳಗೆ ಅದು ಸೀರಿನ್-5ನ್ನು ಧಾರಾಳವಾಗಿ ಹಿಡಿಯುತ್ತದೆ. ಕೆಳಗೆ ಹೇಳುವ ಸಂಗ್ರಹಣೆ, ಕಾಲಕ್ರಮ, ಎಟಿಪಿ, ಕಂಟ್ರೋಲ್‌ಗಳ ಮಾತೆಲ್ಲ ಅವಕ್ಕೂ ಹೊಂದುತ್ತದೆ. ಸಬ್‌ಸ್ಟ್ರೇಟಿನ ಮಾತು ಮಾತ್ರ ಬೇರೆ.

ಟ್ಯೂಬ್ ಬಂದ ದಿನ

ಡ್ರೈ ಐಸ್ ಉಳಿದಿದೆಯೇ ಎಂದು ಡಬ್ಬ ತೆರೆದ ಕೂಡಲೇ ನೋಡಿ, ಬರೆದಿಡಿ. ಪೂರ್ತಿ ಕರಗಿ ಹೋಗಿದ್ದರೆ ಫೋಟೊ ತೆಗೆದು ಅಂದೇ ಮಾರಾಟಗಾರರಿಗೆ ತಿಳಿಸಿ. ಮೇ ತಿಂಗಳಲ್ಲಿ ವಿಮಾನ ನಿಲ್ದಾಣದ ಗೋದಾಮಿನಲ್ಲಿ ಎರಡು ದಿನ ಕೂತು ಬಂದ ಪಾರ್ಸೆಲ್ ಆದರಂತೂ ಇದು ತಪ್ಪದು. ಕಿಣ್ವವನ್ನು ಐಸ್ ಮೇಲೆಯೇ ಕರಗಿಸಬೇಕು, ಕೈಯ ಬಿಸಿಯಲ್ಲಿ ಅಲ್ಲ. ಕರಗಿದ ಮೇಲೆ ಟ್ಯೂಬನ್ನು ಬೆಳಕಿಗೆ ಹಿಡಿದು ನೋಡಿ: ಮುಚ್ಚಳದ ಒಳಮೈಗೆ ಒಂದು ಹನಿ ಅಂಟಿಕೊಂಡಿರುತ್ತದೆ. 100 ಮೈಕ್ರೊಲೀಟರಿನ ಟ್ಯೂಬಿನಲ್ಲಿ ಆ ಹನಿಯೇ ಹತ್ತಿಪ್ಪತ್ತು ಮೈಕ್ರೊಲೀಟರ್ ಇರಬಹುದು. ತಣ್ಣಗಿನ ಸೆಂಟ್ರಿಫ್ಯೂಜಿನಲ್ಲಿ ಹತ್ತು ಸೆಕೆಂಡ್ ತಿರುಗಿಸಿ ಇಳಿಸಿಕೊಂಡೇ ಮುಚ್ಚಳ ತೆರೆಯಿರಿ. ವೋರ್ಟೆಕ್ಸ್ ಬೇಡ. ಬೆರಳಿನಿಂದ ಮೆಲ್ಲಗೆ ತಟ್ಟಿದರೆ ಸಾಕು.

ಅಂದೇ 3ರಿಂದ 5 ಮೈಕ್ರೊಲೀಟರಿನ ಅಲಿಕ್ವಾಟ್‌ಗಳಾಗಿ (ಸಣ್ಣ ಪಾಲುಗಳಾಗಿ) ಹಂಚಿ. ಪ್ರೋಟೀನ್ ಅಂಟದ ಜಾತಿಯ ಟ್ಯೂಬ್ ಬಳಸಿ, ದ್ರವ ಸಾರಜನಕದಲ್ಲಿ ಮುಳುಗಿಸಿ ಹೆಪ್ಪುಗಟ್ಟಿಸಿ, ಮೈನಸ್ 80ರಲ್ಲಿಡಿ. ಒಂದು ಅಲಿಕ್ವಾಟ್ ಒಂದು ದಿನಕ್ಕೆ. ಉಳಿದದ್ದನ್ನು ಚೆಲ್ಲಲು ಮನಸ್ಸು ಬರುವುದಿಲ್ಲ, ನಿಜ, ಒಂದು ಟ್ಯೂಬಿನ ಬೆಲೆ ನೋಡಿದರೆ ಯಾರಿಗೂ ಹಾಗೇ ಅನಿಸುತ್ತದೆ. ಆದರೂ ಎರಡನೇ ಸಲ ಹೆಪ್ಪುಗಟ್ಟಿಸಿದ ಕಿಣ್ವದಿಂದ ಬಂದ ಅಂಕಿಗಳನ್ನು ಮೊದಲ ಸಲದ ಅಂಕಿಗಳ ಪಕ್ಕದಲ್ಲಿಟ್ಟು ಹೋಲಿಸುವ ಹಾಗಿಲ್ಲ. ಒಮ್ಮೆ ತೆಳುವಾಗಿಸಿದ ಕಿಣ್ವವನ್ನಂತೂ ಹೆಪ್ಪುಗಟ್ಟಿಸಲೇಬಾರದು. ಮಿಲಿಲೀಟರಿಗೆ 10 ಮೈಕ್ರೊಗ್ರಾಂಗಿಂತ ತೆಳುವಾದರೆ ಪ್ರೋಟೀನಿನ ದೊಡ್ಡ ಪಾಲು ಪ್ಲಾಸ್ಟಿಕ್ ಗೋಡೆಗೇ ಹೋಗಿ ಕೂರುತ್ತದೆ. ಹಾಗಾಗಿ ತೆಳುವಾಗಿಸುವ ಬಫರಿನಲ್ಲಿ ಬಿಎಸ್‌ಎ (ಹಸುವಿನ ರಕ್ತದ ಅಲ್ಬುಮಿನ್ ಪ್ರೋಟೀನ್) ಮಿಲಿಲೀಟರಿಗೆ 0.1 ಮಿಲಿಗ್ರಾಂ ಇರಲೇಬೇಕು, ಮತ್ತು ಆ ಕೆಲಸ ಪ್ರಯೋಗ ಶುರುವಾಗುವ ಹತ್ತು ನಿಮಿಷ ಮೊದಲು ಆಗಬೇಕು.

ಚೀಟಿಯ ಜೊತೆ ಬರುವ ಮಾಹಿತಿ ಹಾಳೆಯಲ್ಲಿ ಐದು ಸಂಗತಿಗಳನ್ನು ಹುಡುಕಿ ನೋಟ್‌ಬುಕ್ಕಿಗೆ ಇಳಿಸಿ: ಪೂರ್ಣ ಉದ್ದದ್ದೋ ಕತ್ತರಿಸಿದ್ದೋ, ಟ್ಯಾಗ್ ಯಾವುದು, ಬೆಳೆಸಿದ್ದು ಯಾವ ಕೋಶದಲ್ಲಿ, ಚಟುವಟಿಕೆ ಅಳೆದದ್ದು ಯಾವ ಸಬ್‌ಸ್ಟ್ರೇಟಿನ ಮೇಲೆ, ಲಾಟ್ ಸಂಖ್ಯೆ ಎಷ್ಟು. ಟ್ಯಾಗ್ ಗೊತ್ತಿಲ್ಲದಿದ್ದರೆ ಮೋಲಾರ್ ಲೆಕ್ಕ ತಪ್ಪುತ್ತದೆ. ಜಿಎಸ್‌ಟಿ ಟ್ಯಾಗ್ ಇದ್ದರೆ ಒಟ್ಟು ತೂಕ ಸುಮಾರು 100 ಕಿಲೊಡಾಲ್ಟನ್. ಆಗ ಮಿಲಿಲೀಟರಿಗೆ 0.1 ಮಿಲಿಗ್ರಾಂ ಎಂದರೆ 1 ಮೈಕ್ರೊಮೋಲಾರ್. ಹಿಸ್ಟಿಡಿನ್ ಟ್ಯಾಗಿನದಾದರೆ ಅದೇ ಸಾಂದ್ರತೆ ಸುಮಾರು 1.3 ಮೈಕ್ರೊಮೋಲಾರ್. ಚಟುವಟಿಕೆಯನ್ನು ಮಿಲಿಗ್ರಾಂಗೆ ನಿಮಿಷಕ್ಕೆ ಇಷ್ಟು ನ್ಯಾನೊಮೋಲ್ ಎಂದು ಕೊಟ್ಟಿರುತ್ತಾರೆ. 100 ಎಂದಿದ್ದರೆ 10 ನ್ಯಾನೊಗ್ರಾಂ ಕಿಣ್ವ ನಿಮಿಷಕ್ಕೆ 1 ಪಿಕೊಮೋಲ್ ಫಾಸ್ಫೇಟ್ ಸಾಗಿಸುತ್ತದೆ. ಅದು ಅವರ ಪೆಪ್ಟೈಡಿನ (ಪ್ರೋಟೀನಿನ ಗಿಡ್ಡ ತುಣುಕಿನ) ಮೇಲೆ, ಅವರ ಎಟಿಪಿ ಪ್ರಮಾಣದಲ್ಲಿ ಬಂದ ಅಂಕಿ. ನಿಮ್ಮ ಪೂರ್ಣ ಪ್ರೋಟೀನಿನ ಮೇಲೆ ಅದೇ ಬರಲಿ ಎಂದು ಕಾಯಬೇಡಿ.

ಸ್ವತಃ ಇ. ಕೋಲಿಯಲ್ಲಿ ಬೆಳೆಸಿಕೊಳ್ಳುವವರಿಗೆ ಒಂದೇ ಎಚ್ಚರಿಕೆ. ಡಿಎನ್‌ಎಕೆ ಎಂಬ ಬ್ಯಾಕ್ಟೀರಿಯಾದ ಶಾಪರೋನ್ (ಬೇರೆ ಪ್ರೋಟೀನುಗಳು ಮಡಚಿಕೊಳ್ಳಲು ನೆರವಾಗುವ ಪ್ರೋಟೀನ್) 70 ಕಿಲೊಡಾಲ್ಟನ್ ಬಳಿ ಜೊತೆಗೇ ಬರುತ್ತದೆ. ಅದು ಎಟಿಪಿಯನ್ನು ಒಡೆಯುವ ಪ್ರೋಟೀನ್, ಆದ್ದರಿಂದ ಎಡಿಪಿ (ಒಂದು ಫಾಸ್ಫೇಟ್ ಕಳೆದುಕೊಂಡ ಎಟಿಪಿ) ಅಳೆಯುವ ವಿಧಾನದಲ್ಲಿ ಸುಳ್ಳು ಸಿಗ್ನಲ್ ಕೊಡುತ್ತದೆ. ನಿಕಲ್ ಕಾಲಮ್ ಮೇಲೆ ಇರುವಾಗಲೇ 5 ಮಿಲಿಮೋಲಾರ್ ಎಟಿಪಿ, 10 ಮಿಲಿಮೋಲಾರ್ ಮೆಗ್ನೀಸಿಯಂ ಕ್ಲೋರೈಡ್ ಇರುವ ಬಫರಿನಿಂದ ತೊಳೆದು, ಆಮೇಲೆ ಎಟಿಪಿ ಹೋಗುವ ತನಕ ಮತ್ತೆ ತೊಳೆದು ಪ್ರೋಟೀನ್ ಇಳಿಸಿ.

ಸಬ್‌ಸ್ಟ್ರೇಟ್: ಕಷ್ಟವಿರುವುದು ಇಲ್ಲಿ

ಕೈನೇಸ್ ಸಾಧು ಸ್ವಭಾವದ್ದು. ತಲೆನೋವು ಕೊಡುವುದು ಎಸ್‌ಆರ್‌ಎಸ್‌ಎಫ್1, ಇಲ್ಲಿ ಸಬ್‌ಸ್ಟ್ರೇಟಾಗಿ ಬಳಸುವ ಎಸ್‌ಆರ್ ಪ್ರೋಟೀನ್. 248 ಅಮೈನೊ ಆಮ್ಲ, ಸುಮಾರು 28 ಕಿಲೊಡಾಲ್ಟನ್, ಜೆಲ್‌ನಲ್ಲಿ 33ರ ಹತ್ತಿರ. ಮುಂದೆ ಎರಡು ಆರ್‌ಎನ್‌ಎ ಹಿಡಿಯುವ ಭಾಗಗಳು, ಕೊನೆಯ ಐವತ್ತು ಚಿಲ್ಲರೆ ಅಮೈನೊ ಆಮ್ಲಗಳಲ್ಲಿ ಆರ್‌ಎಸ್ ಬಾಲ. ಎಸ್‌ಆರ್‌ಪಿಕೆ1 ಆ ಬಾಲದ ಮೊದಲರ್ಧದಲ್ಲಿ ಸುಮಾರು 10ರಿಂದ 12 ಸೀರಿನ್‌ಗಳಿಗೆ ಫಾಸ್ಫೇಟ್ ಹಚ್ಚುತ್ತದೆ. ಉಳಿದರ್ಧವನ್ನು ತುಂಬುವುದು ಮುಖ್ಯವಾಗಿ ಸಿಎಲ್‌ಕೆ1 ಎಂಬ ಇನ್ನೊಂದು ಕೈನೇಸಿನ ಕೆಲಸ.

ಸಸ್ತನಿ ಕೋಶದಲ್ಲಿ ಬೆಳೆಸಿದ ಎಸ್‌ಆರ್‌ಎಸ್‌ಎಫ್1 ಕೊಂಡು, ಕೈನೇಸ್ ಹಾಕಿ, ಸಿಗ್ನಲ್ಲೇ ಇಲ್ಲ ಎಂದು ಕೂರುವವರು ಬಹಳ. ಆ ಕೋಶಗಳೊಳಗೆ ಎಸ್‌ಆರ್‌ಪಿಕೆ, ಸಿಎಲ್‌ಕೆ ಎರಡೂ ಇವೆ. ಪ್ರೋಟೀನ್ ಹೊರಬರುವಾಗಲೇ ಫಾಸ್ಫೇಟ್ ತುಂಬಿಕೊಂಡಿರುತ್ತದೆ, ನಿಮ್ಮ ಕಿಣ್ವಕ್ಕೆ ಜಾಗವೇ ಉಳಿದಿರುವುದಿಲ್ಲ. ಲ್ಯಾಂಬ್ಡಾ ಫಾಸ್ಫಟೇಸ್ ಎಂಬ, ಫಾಸ್ಫೇಟ್ ಕೀಳುವ ಕಿಣ್ವದಿಂದ ತೆಗೆಯಬಹುದು. ಆದರೆ ಆಮೇಲೆ ಆ ಫಾಸ್ಫಟೇಸನ್ನು ಕಾಲಮ್‌ನಿಂದ ಪೂರ್ತಿ ಬೇರ್ಪಡಿಸದಿದ್ದರೆ ನೀವು ಹಚ್ಚಿದ್ದನ್ನು ಅದು ಒಂದು ಕಡೆಯಿಂದ ಕಿತ್ತುಹಾಕುತ್ತಾ ಇರುತ್ತದೆ. ಇ. ಕೋಲಿಯಲ್ಲಿ ಬೆಳೆಸಿದ್ದೇ ಒಳ್ಳೆಯದು, ಅಲ್ಲಿ ಈ ಕೈನೇಸುಗಳಿಲ್ಲ.

ಇ. ಕೋಲಿಯಲ್ಲಿ ಅದು ಹೆಚ್ಚಾಗಿ ಕರಗದ ಗಟ್ಟಿಯಾಗಿ ಶೇಖರವಾಗುತ್ತದೆ. ಅದನ್ನೇ ಅನುಕೂಲ ಮಾಡಿಕೊಳ್ಳಿ. ಗಟ್ಟಿಯನ್ನು ತೊಳೆದು, 6 ಮೋಲಾರ್ ಗ್ವಾನಿಡಿನ್ ಅಥವಾ 8 ಮೋಲಾರ್ ಯೂರಿಯಾದಲ್ಲಿ ಕರಗಿಸಿ, ನಿಕಲ್ ಕಾಲಮ್‌ನಲ್ಲಿ ಹಿಡಿದು, ಯೂರಿಯಾದಲ್ಲೇ ಇಳಿಸಿ. ಈ ದಾರಿಯಲ್ಲಿ ಬ್ಯಾಕ್ಟೀರಿಯಾದ ಆರ್‌ಎನ್‌ಎಯೂ ಬಿಟ್ಟುಹೋಗುತ್ತದೆ, ಅದೊಂದು ದೊಡ್ಡ ಲಾಭ. ನಂತರ ಡಯಾಲಿಸಿಸ್ (ಸಣ್ಣ ಅಣುಗಳಷ್ಟೇ ದಾಟುವ ಚೀಲದಲ್ಲಿಟ್ಟು ಬಫರ್ ಬದಲಿಸುವುದು): 6, 4, 2, 1 ಮೋಲಾರ್ ಯೂರಿಯಾ, ಕೊನೆಗೆ ಯೂರಿಯಾ ಇಲ್ಲದ ಬಫರ್, ಪ್ರತಿ ಹಂತಕ್ಕೂ ಕನಿಷ್ಠ ನಾಲ್ಕು ತಾಸು, 4 ಡಿಗ್ರಿಯಲ್ಲಿ. ಬಫರಿನಲ್ಲಿ 500 ಮಿಲಿಮೋಲಾರ್ ಉಪ್ಪು, 50 ಮಿಲಿಮೋಲಾರ್ ಆರ್ಜಿನಿನ್, 50 ಮಿಲಿಮೋಲಾರ್ ಗ್ಲುಟಮೇಟ್, ಶೇ. 10 ಗ್ಲಿಸರಾಲ್, 1 ಮಿಲಿಮೋಲಾರ್ ಡಿಟಿಟಿ (ಪ್ರೋಟೀನ್ ಆಕ್ಸಿಡೀಕರಣ ತಡೆಯುವ ರಾಸಾಯನಿಕ). ಪ್ರೋಟೀನನ್ನು ಮಿಲಿಲೀಟರಿಗೆ ಅರ್ಧ ಮಿಲಿಗ್ರಾಂ ದಾಟಿಸಬೇಡಿ.

2ರಿಂದ 1 ಮೋಲಾರಿಗೆ ಇಳಿಯುವ ಹಂತದಲ್ಲಿ ಡಯಾಲಿಸಿಸ್ ಚೀಲವನ್ನು ದೀಪಕ್ಕೆ ಹಿಡಿದು ನೋಡಿ. ಒಳಗಿನ ದ್ರವ ನೀರಿನಂತೆ ತಿಳಿಯಾಗಿದ್ದರೆ ಮುಂದುವರಿಯಿರಿ. ನೀರು ಮಜ್ಜಿಗೆಯ ಹಾಗೆ ಮಬ್ಬು ಕಂಡರೆ ಅಲ್ಲಿಗೇ ನಿಲ್ಲಿಸಿ ಒಂದು ಹಂತ ಹಿಂದಕ್ಕೆ ಹೋಗಿ, ಪ್ರೋಟೀನನ್ನು ಅರ್ಧಕ್ಕೆ ತೆಳುವಾಗಿಸಿ ಮತ್ತೆ ಇಳಿಸಿ. ಮಬ್ಬಾದದ್ದು ತಾನಾಗಿ ತಿಳಿಯಾಗುವುದಿಲ್ಲ. ಮುಗಿದ ಮೇಲೆ ಅತಿ ವೇಗದ ಸೆಂಟ್ರಿಫ್ಯೂಜಿನಲ್ಲಿ ಹದಿನೈದು ನಿಮಿಷ ತಿರುಗಿಸಿ ಮೇಲಿನ ದ್ರವವನ್ನಷ್ಟೇ ತೆಗೆದುಕೊಂಡು, ಸಾಂದ್ರತೆಯನ್ನು ಆಮೇಲೆ ಅಳೆಯಿರಿ.

ಅಳೆಯುವಾಗ ಬೆಳಕಿನ ಹೀರಿಕೆಯನ್ನು 280ರ ಜೊತೆ 260 ನ್ಯಾನೊಮೀಟರಿನಲ್ಲೂ ಓದಿ. 260/280 ಅನುಪಾತ 0.6ರ ಸುತ್ತ ಇದ್ದರೆ ಪ್ರೋಟೀನ್ ಶುದ್ಧ. 1 ದಾಟಿದರೆ ಆರ್‌ಎನ್‌ಎ ಅಂಟಿಕೊಂಡಿದೆ ಎಂದರ್ಥ. ಆಗ 280ರ ಅಂಕಿಯೂ ಸುಳ್ಳು, ಕೈನೇಸ್ ಬಂದು ಕೂರುವ ಬಾಲಕ್ಕೂ ಅಡ್ಡಿ. ಅದನ್ನು ಕಳೆಯಲು ಆರ್‌ಎನ್‌ಎ ಕತ್ತರಿಸುವ ಕಿಣ್ವ ಆರ್‌ಎನ್‌ಏಸ್ ಎ ಹಾಕುವ ಆಸೆ ಆಗುತ್ತದೆ. ಮುಂದೆ ಸ್ಪ್ಲೈಸಿಂಗ್ ಪ್ರಯೋಗ ಮಾಡುವ ಯೋಚನೆ ಇದ್ದರೆ ದಯವಿಟ್ಟು ಬೇಡ. ಆರ್‌ಎನ್‌ಏಸ್ ಎ ಒಮ್ಮೆ ಒಳಗೆ ಬಂದರೆ ಕಾಲಮ್, ಪೈಪೆಟ್, ಫ್ರಿಜ್ ಯಾವುದನ್ನೂ ಬಿಡುವುದಿಲ್ಲ. 1 ಮೋಲಾರ್ ಉಪ್ಪಿನಿಂದ ತೊಳೆಯುವುದು ಅಥವಾ ಮತ್ತೆ ಯೂರಿಯಾ ದಾರಿ ಹಿಡಿಯುವುದು ಲೇಸು.

ಪೂರ್ಣ ಪ್ರೋಟೀನ್ ಬೇಡ, ಆರ್‌ಎಸ್ ಪೆಪ್ಟೈಡ್ ಸಾಕು ಎನ್ನುವವರಿಗೆ: ಔಷಧ ಅಣುಗಳನ್ನು ಸಾಲಾಗಿ ಪರೀಕ್ಷಿಸಲು ಸಾಕು, ಕಿಣ್ವ ಹೇಗೆ ಕೆಲಸ ಮಾಡುತ್ತದೆ ಎಂದು ತಿಳಿಯಲು ಸಾಲದು. ಎಸ್‌ಆರ್‌ಪಿಕೆ1ರ ಕೆಳ ಹಾಲೆಯಲ್ಲಿ ಸಬ್‌ಸ್ಟ್ರೇಟನ್ನು ಹಿಡಿದು ಎಳೆದುಕೊಳ್ಳುವ ಒಂದು ತೋಡು ಇದೆ. ಕಿಣ್ವ ಬಾಲದ ತುದಿಯ ಕಡೆಯಿಂದ ಹಿಂದಕ್ಕೆ, ಬಿಡದೆ ಒಂದರ ನಂತರ ಒಂದು ಸೀರಿನ್‌ಗೆ ಫಾಸ್ಫೇಟ್ ಹಚ್ಚುತ್ತಾ ಹೋಗಲು ಆ ಹಿಡಿತವೇ ಕಾರಣ. ಗಿಡ್ಡ ಪೆಪ್ಟೈಡಿಗೆ ಆ ಹಿಡಿತ ಸಿಗುವುದಿಲ್ಲ.

ಮೊದಲ ಕಾಲಕ್ರಮ

ಈಗ ಪ್ರಯೋಗ. ಐದು ಪಟ್ಟು ಬಫರ್ ಮಾಡಿಟ್ಟುಕೊಳ್ಳಿ: 250 ಮಿಲಿಮೋಲಾರ್ ಹೆಪೆಸ್ ಪಿಎಚ್ 7.4, 50 ಮಿಲಿಮೋಲಾರ್ ಮೆಗ್ನೀಸಿಯಂ ಕ್ಲೋರೈಡ್, 5 ಮಿಲಿಮೋಲಾರ್ ಡಿಟಿಟಿ, ಮಿಲಿಲೀಟರಿಗೆ 0.5 ಮಿಲಿಗ್ರಾಂ ಬಿಎಸ್‌ಎ. ಡಿಟಿಟಿಯನ್ನು ಆ ದಿನವೇ ಸೇರಿಸಿ.

ಎಟಿಪಿಯನ್ನು ಪುಡಿಯಿಂದ ಕರಗಿಸುವವರು ಪಿಎಚ್ ನೋಡದೆ ಮುಂದೆ ಹೋಗಬಾರದು. 100 ಮಿಲಿಮೋಲಾರ್ ಎಟಿಪಿ ಬರೀ ನೀರಿನಲ್ಲಿ ಕರಗಿದಾಗ ಪಿಎಚ್ 3ರ ಬಳಿ ಇರುತ್ತದೆ. ಸೋಡಿಯಂ ಹೈಡ್ರಾಕ್ಸೈಡಿನಿಂದ 7ಕ್ಕೆ ತಂದು, 259 ನ್ಯಾನೊಮೀಟರಿನಲ್ಲಿ 15,400 ಎಂಬ ಗುಣಾಂಕದಿಂದ ಸಾಂದ್ರತೆ ಖಚಿತಪಡಿಸಿಕೊಂಡು, ಸಣ್ಣ ಅಲಿಕ್ವಾಟ್‌ಗಳಲ್ಲಿ ಹೆಪ್ಪುಗಟ್ಟಿಸಿ.

ಒಟ್ಟು 160 ಮೈಕ್ರೊಲೀಟರಿನ ಲೆಕ್ಕ ಹೀಗೆ: ಬಫರ್ 32, ನೀರು 80, 10 ಮೈಕ್ರೊಮೋಲಾರ್ ಎಸ್‌ಆರ್‌ಎಸ್‌ಎಫ್1 16, ಹೊಸದಾಗಿ 100 ನ್ಯಾನೊಮೋಲಾರಿಗೆ ತೆಳುವಾಗಿಸಿದ ಎಸ್‌ಆರ್‌ಪಿಕೆ1 16, ಕೊನೆಗೆ 1 ಮಿಲಿಮೋಲಾರ್ ಎಟಿಪಿ 16. ಕೊನೆಯ ಸಾಂದ್ರತೆ: ಸಬ್‌ಸ್ಟ್ರೇಟ್ 1 ಮೈಕ್ರೊಮೋಲಾರ್, ಕಿಣ್ವ 10 ನ್ಯಾನೊಮೋಲಾರ್, ಎಟಿಪಿ 100 ಮೈಕ್ರೊಮೋಲಾರ್. ಸಬ್‌ಸ್ಟ್ರೇಟಿನ ಜೊತೆ ಬಂದ ಉಪ್ಪು 50 ಮಿಲಿಮೋಲಾರಿಗೆ ಇಳಿದಿರುತ್ತದೆ. ಇದಕ್ಕಿಂತ ಬಹಳ ಏರಿದರೆ ಕೆಲಸ ನಿಧಾನವಾಗುತ್ತದೆ, ಏಕೆಂದರೆ ಧನ ಆವೇಶದ ಬಾಲವನ್ನು ಋಣ ಆವೇಶದ ತೋಡು ಹಿಡಿಯುವ ಬಂಧ ಇದು, ಉಪ್ಪು ಅದನ್ನು ಸಡಿಲಿಸುತ್ತದೆ. ಸಬ್‌ಸ್ಟ್ರೇಟನ್ನು ಎಲ್ಲಕ್ಕಿಂತ ಮೊದಲು ಬರೀ ನೀರಿಗೆ ಹಾಕಬೇಡಿ. ಉಪ್ಪಿನಿಂದ ಹೊರಬಂದ ಗಳಿಗೆಯಲ್ಲೇ ಗಂಟುಕಟ್ಟುತ್ತದೆ. ಬಫರ್, ನೀರು, ಬಿಎಸ್‌ಎ ಎಲ್ಲ ಬೆರೆತ ಮೇಲೆ ಹಾಕಿ.

ಎಟಿಪಿ ಹಾಕುವ ಮೊದಲು 144 ಮೈಕ್ರೊಲೀಟರ್ ಇರುತ್ತದೆ. ಅದರಿಂದ 18 ತೆಗೆದು, 2 ನೀರು ಸೇರಿಸಿ, ಜೆಲ್ ಬಫರಿಗೆ ಹಾಕಿ. ಅದು ಸೊನ್ನೆ ನಿಮಿಷ. ಉಳಿದ 126ನ್ನು 30 ಡಿಗ್ರಿಯಲ್ಲಿ ಮೂರು ನಿಮಿಷ ಬಿಸಿ ಮಾಡಿ, 14 ಮೈಕ್ರೊಲೀಟರ್ ಎಟಿಪಿ ಹಾಕಿ ಗಡಿಯಾರ ಒತ್ತಿ. ಅರ್ಧ, 1, 2, 5, 10, 20 ನಿಮಿಷಕ್ಕೆ 20 ಮೈಕ್ರೊಲೀಟರಿನಂತೆ ತೆಗೆದು, ಮೊದಲೇ ಸಾಲಾಗಿ ಇಟ್ಟುಕೊಂಡ ಎಸ್‌ಡಿಎಸ್ ಬಫರಿನ ಟ್ಯೂಬುಗಳಿಗೆ ಹಾಕಿ ತಕ್ಷಣ ಕುದಿಸಿ. ಪಿಎಚ್, ಉಷ್ಣಾಂಶ ಬರೆದಿಡಿ. ಬೆಂಗಳೂರಿನ ಕೋಣೆಯ ಉಷ್ಣಾಂಶ ಜನವರಿಯಲ್ಲೂ ಏಪ್ರಿಲಿನಲ್ಲೂ ಒಂದೇ ಅಲ್ಲ, ಆದ್ದರಿಂದ ‘ಕೋಣೆಯ ಉಷ್ಣಾಂಶ’ ಎಂದು ಬರೆದ ಪ್ರೋಟೊಕಾಲನ್ನು ಹೀಟ್ ಬ್ಲಾಕಿನಲ್ಲಿ ಒಂದು ಅಂಕಿಗೆ ಕಟ್ಟಿಹಾಕಿ.

ಶೇ. 12ರ ಜೆಲ್ ಓಡಿಸಿ ಬಣ್ಣ ಹಾಕಿದಾಗ 66ರ ಬಳಿ ಬಿಎಸ್‌ಎ, ಕೆಳಗೆ 33ರ ಬಳಿ ಎಸ್‌ಆರ್‌ಎಸ್‌ಎಫ್1 ಕಾಣುತ್ತದೆ. ಈ ಜೆಲ್‌ನ ಮುಂದೆ ಸ್ವಲ್ಪ ಹೊತ್ತು ಕೂರಿ. ಸೊನ್ನೆ ನಿಮಿಷದಲ್ಲಿ ಒಂದೇ ಬ್ಯಾಂಡ್. ಸಮಯ ಕಳೆದಂತೆ ಅದು ತೆಳುವಾಗಿ, ಮೇಲೆ ಇನ್ನೊಂದು ಬ್ಯಾಂಡ್ ದಪ್ಪವಾಗುತ್ತದೆ. ನಡುವೆ ಹನ್ನೆರಡು ಮೆಟ್ಟಿಲುಗಳ ಏಣಿ ಕಾಣುವುದಿಲ್ಲ. ಅನೇಕರು ಇದನ್ನು ನೋಡಿ ಅರ್ಧ ಸಬ್‌ಸ್ಟ್ರೇಟ್ ಸತ್ತಿದೆ ಎಂದುಕೊಳ್ಳುತ್ತಾರೆ. ಹಾಗಲ್ಲ. ಕಿಣ್ವ ಕಡಿಮೆ, ಸಬ್‌ಸ್ಟ್ರೇಟ್ ಹೆಚ್ಚು ಇರುವಾಗ, ಹಿಡಿದ ಅಣುವನ್ನು ಹಲವು ಫಾಸ್ಫೇಟ್ ಹಚ್ಚುವ ತನಕ ಬಿಡದ ಕಿಣ್ವ ಕೊಡುವ ಚಿತ್ರವೇ ಇದು: ಮುಟ್ಟದ ಅಣುಗಳು ಕೆಳಗೆ, ಮುಗಿದವು ಮೇಲೆ. ಕೊನೆಯ ಕೆಲವು ಸೀರಿನ್‌ಗಳು ಮಾತ್ರ ಬಿಟ್ಟು ಹಿಡಿದು ನಿಧಾನವಾಗಿ ತುಂಬುತ್ತವೆ, ಹಾಗಾಗಿ ಮೇಲಿನ ಬ್ಯಾಂಡ್ ತುಸು ಹರಡಿದಂತೆ ಇರುತ್ತದೆ. ಕಿಣ್ವವನ್ನು ಸಬ್‌ಸ್ಟ್ರೇಟಿಗಿಂತ ಹೆಚ್ಚು ಹಾಕಿ ನೋಡಿ, ಇಡೀ ಬ್ಯಾಂಡ್ ಒಟ್ಟಿಗೆ ಮೇಲೇರುತ್ತದೆ.

ಆಮೇಲೆ ಕಿಣ್ವವನ್ನು 100 ನ್ಯಾನೊಮೋಲಾರಿನಿಂದ ಎರಡರಂತೆ ಇಳಿಸುತ್ತಾ ಎಂಟು ಟ್ಯೂಬ್ ಮಾಡಿ, ಒಂದೇ ಸಮಯಕ್ಕೆ ನಿಲ್ಲಿಸಿ. ಕಿಣ್ವ ಇಮ್ಮಡಿಯಾದಾಗ ಸಿಗ್ನಲ್ ಇಮ್ಮಡಿಯಾಗುವ ಪ್ರದೇಶ ಎಲ್ಲಿದೆ ಎಂದು ಹುಡುಕಿ, ಮುಂದಿನ ಕೆಲಸವನ್ನೆಲ್ಲ ಆ ಪ್ರದೇಶದ ಒಳಗೆ, ಸಬ್‌ಸ್ಟ್ರೇಟ್ ಶೇ. 10ಕ್ಕಿಂತ ಹೆಚ್ಚು ಮುಗಿಯದಂತೆ ಇಟ್ಟುಕೊಳ್ಳಿ. ಹೊಸ ಲಾಟ್ ಬಂದಾಗಲೆಲ್ಲ ಇದನ್ನು ಮತ್ತೆ ಮಾಡಬೇಕು.

ಅಳೆಯುವ ಬಗೆ

ಸಂಖ್ಯೆ ಬೇಕೆಂದರೆ ಇಂದಿಗೂ ವಿಕಿರಣ ಸೂಸುವ ರಂಜಕ-32ಕ್ಕೆ ಸಾಟಿಯಿಲ್ಲ. ಭಾರತದಲ್ಲಿ ಇದನ್ನು ಬ್ರಿಟ್ (ವಿಕಿರಣ ಮತ್ತು ಐಸೊಟೋಪ್ ತಂತ್ರಜ್ಞಾನ ಮಂಡಳಿ) ಸಂಸ್ಥೆ ತನ್ನ ಹೈದರಾಬಾದಿನ ಜೋನಾಕಿ ಕೇಂದ್ರದಿಂದ ಪೂರೈಸುತ್ತಾ ಬಂದಿದೆ. ತರಿಸಿಕೊಳ್ಳಲು ಎಇಆರ್‌ಬಿ (ಅಣುಶಕ್ತಿ ನಿಯಂತ್ರಣ ಮಂಡಳಿ) ಅನುಮತಿ, ವಿಕಿರಣ ಸುರಕ್ಷಾ ಅಧಿಕಾರಿ, ಬ್ಯಾಡ್ಜ್ ಎಲ್ಲ ಬೇಕು. ಅರ್ಧಾಯು 14.3 ದಿನ, ಆದ್ದರಿಂದ ಪ್ರೋಟೀನುಗಳು ಸಿದ್ಧವಾಗಿ, ಮೇಲಿನ ಬಣ್ಣದ ಜೆಲ್ ಸರಿಬಂದ ಮೇಲಷ್ಟೇ ಆರ್ಡರ್ ಮಾಡಿ. 1 ಸೆಂಟಿಮೀಟರ್ ದಪ್ಪದ ಅಕ್ರಿಲಿಕ್ ಹಲಗೆಯ ಹಿಂದೆ ಕೆಲಸ. ಸೀಸದ ಹಲಗೆ ಮಾತ್ರ ಇದ್ದರೆ ಅದರಲ್ಲಿ ಬೀಟಾ ಕಣಗಳು ನಿಂತು ಎಕ್ಸ್-ಕಿರಣ ಹುಟ್ಟಿಸುತ್ತವೆ.

ರಂಜಕ-32 ಇರುವ ಎಟಿಪಿಯನ್ನು ಪ್ರತಿ 20 ಮೈಕ್ರೊಲೀಟರಿಗೆ 1 ಮೈಕ್ರೊಕ್ಯೂರಿಯಂತೆ ‘ತಣ್ಣನೆಯ’ (ವಿಕಿರಣವಿಲ್ಲದ) ಎಟಿಪಿಗೆ ಬೆರೆಸಿ. ಮುಗಿದ ಮೇಲೆ ಮಿಶ್ರಣದಿಂದ 1 ಮೈಕ್ರೊಲೀಟರ್ ತೆಗೆದು ಎಣಿಸಿ. ಅದರಲ್ಲಿ 100 ಪಿಕೊಮೋಲ್ ಎಟಿಪಿ ಇರುತ್ತದೆ. 1,05,000 ಎಣಿಕೆ ಬಂದರೆ ಪಿಕೊಮೋಲಿಗೆ 1,050. ಜೆಲ್‌ನಿಂದ ಕತ್ತರಿಸಿದ ಬ್ಯಾಂಡಿನಲ್ಲಿ 63,000 ಬಂದರೆ 60 ಪಿಕೊಮೋಲ್ ಫಾಸ್ಫೇಟ್. ಆ ಬಾವಿಯಲ್ಲಿ (ಮಾದರಿ ಹಾಕುವ ಕುಳಿಯಲ್ಲಿ) ಎಸ್‌ಆರ್‌ಎಸ್‌ಎಫ್1 ಇದ್ದದ್ದು 20 ಪಿಕೊಮೋಲ್, ಅಂದರೆ ಅಣುವಿಗೆ ಸರಾಸರಿ ಮೂರು. ಕೊನೆಯ ಬಿಂದುವಿನಲ್ಲಿ ಹತ್ತು ಹನ್ನೆರಡರ ಹತ್ತಿರ ನಿಲ್ಲಬೇಕು. ನಾಲ್ಕರಲ್ಲೇ ನಿಂತುಬಿಟ್ಟರೆ ಸಬ್‌ಸ್ಟ್ರೇಟಿನ ಬಹುಪಾಲು ಸರಿಯಾಗಿ ಮಡಚಿಕೊಂಡಿಲ್ಲ, ಇಲ್ಲವೇ ಬಾಲ ತುಂಡಾಗಿದೆ.

ಪೆಪ್ಟೈಡ್ ಬಳಸುವವರು ಫಾಸ್ಫೊಸೆಲ್ಯುಲೋಸ್ ಕಾಗದದ ಮೇಲೆ ಚುಕ್ಕಿ ಹಾಕಿ ತೊಳೆಯುವ ಹಳೆಯ ವಿಧಾನದಲ್ಲಿ ಜಾಗ್ರತೆ ವಹಿಸಿ. ಕಾಗದ ಹಿಡಿಯುವುದು ಧನ ಆವೇಶವನ್ನು. ಫಾಸ್ಫೇಟ್ ಹೆಚ್ಚಿದಂತೆ ಪೆಪ್ಟೈಡ್ ಆ ಆವೇಶ ಕಳೆದುಕೊಂಡು ತೊಳೆಯುವಾಗ ಜಾರಿಹೋಗುತ್ತದೆ. ಎಷ್ಟು ಚೆನ್ನಾಗಿ ಕೆಲಸ ಆಗಿದೆಯೋ ಅಷ್ಟು ಕಡಿಮೆ ಎಣಿಕೆ ಕಾಣುತ್ತದೆ.

ವಿಕಿರಣ ಬೇಡವೆಂದರೆ ಎಡಿಪಿ-ಗ್ಲೋ, ಎಡಿಪಿಯನ್ನು ಬೆಳಕಾಗಿಸಿ ಅಳೆಯುವ ಕಿಟ್. ಬಿಳಿ 384 ಬಾವಿಯ ಪ್ಲೇಟಿನಲ್ಲಿ 5 ಮೈಕ್ರೊಲೀಟರ್ ಪ್ರಯೋಗ, 5 ಮೊದಲ ದ್ರಾವಣ, 40 ನಿಮಿಷ, 10 ಎರಡನೇ ದ್ರಾವಣ, 30ರಿಂದ 60 ನಿಮಿಷ, ಬೆಳಕು ಓದಿ. ಇಲ್ಲಿ ಎಟಿಪಿಯ ಶುದ್ಧಿಯೇ ಪ್ರಾಣ. ಹಳೆಯ ಎಟಿಪಿಯಲ್ಲಿ ಎಡಿಪಿ ಇರುತ್ತದೆ, ಕಿಣ್ವ ಇಲ್ಲದ ಬಾವಿಯೂ ಬೆಳಗುತ್ತದೆ. ಈ ವಿಧಾನ ಎಟಿಪಿ ಒಡೆದದ್ದನ್ನು ಹೇಳುತ್ತದೆಯೇ ಹೊರತು ಫಾಸ್ಫೇಟ್ ಎಲ್ಲಿ ಹೋಯಿತು ಎಂದು ಹೇಳುವುದಿಲ್ಲ. ಹಾಗಾಗಿ ಸಬ್‌ಸ್ಟ್ರೇಟ್ ಇಲ್ಲದ ಬಾವಿ ಪ್ರತಿ ಪ್ಲೇಟಿನಲ್ಲೂ ಇರಲೇಬೇಕು.

ಫಾಸ್-ಟ್ಯಾಗ್ ಜೆಲ್ (ಫಾಸ್ಫೇಟ್ ಇರುವ ಪ್ರೋಟೀನನ್ನು ತಡೆದು ನಿಧಾನವಾಗಿಸುವ ಜೆಲ್) ಓಡಿಸುವವರು ಮಾದರಿಯನ್ನು ಇಡಿಟಿಎಯಿಂದ ನಿಲ್ಲಿಸಬಾರದು, ಅದು ಜೆಲ್‌ಗೆ ಬೇಕಾದ ಮ್ಯಾಂಗನೀಸನ್ನು ಕಿತ್ತುಕೊಂಡು ಪಟ್ಟೆಗಳನ್ನು ಕೆಡಿಸುತ್ತದೆ. ಇಷ್ಟೊಂದು ಫಾಸ್ಫೇಟ್ ಇರುವ ಪ್ರೋಟೀನ್ 50 ಮೈಕ್ರೊಮೋಲಾರ್ ಫಾಸ್-ಟ್ಯಾಗ್‌ನಲ್ಲಿ ಬಾವಿಯ ಬುಡದಲ್ಲೇ ಸಿಕ್ಕಿಕೊಳ್ಳಬಹುದು. 20ರಿಂದ 25ಕ್ಕೆ ಇಳಿಸಿ ನೋಡಿ.

ಪ್ರತಿಬಂಧಕಗಳು ಮತ್ತು ಕಂಟ್ರೋಲ್‌ಗಳು

ಕಿಣ್ವವಿಲ್ಲದ್ದು, ಸಬ್‌ಸ್ಟ್ರೇಟ್ ಇಲ್ಲದ್ದು, ಎಟಿಪಿ ಇಲ್ಲದ್ದು ಈ ಮೂರೂ ದಿನನಿತ್ಯದವು. ಇವುಗಳ ಮೇಲೆ ಒಂದು ಗಟ್ಟಿ ಕಂಟ್ರೋಲ್ ಬೇಕು: 109ನೇ ಲೈಸಿನ್ ಬದಲಾಯಿಸಿದ ಸತ್ತ ಎಸ್‌ಆರ್‌ಪಿಕೆ1, ಅದೇ ರೀತಿ ಬೆಳೆಸಿ ಅದೇ ರೀತಿ ಶುದ್ಧಿ ಮಾಡಿದ್ದು. ಜೊತೆಗೆ ಬಂದ ಬೇರೆ ಕೈನೇಸ್ ಏನಾದರೂ ಇದ್ದರೆ ಇದೊಂದೇ ಬಯಲು ಮಾಡುತ್ತದೆ. ಕೀಟ ಕೋಶದಿಂದ ಬಂದ ಕಿಣ್ವಕ್ಕೆ ಇದು ಇನ್ನೂ ಮುಖ್ಯ.

ಎಸ್‌ಆರ್‌ಪಿಐಎನ್340 ಎಂಬುದು 2006ರಲ್ಲಿ ವರದಿಯಾದ ಅಣು, ಎಟಿಪಿ ಜಾಗದಲ್ಲಿ ಪೈಪೋಟಿ ಮಾಡುತ್ತದೆ, ಕೆಐ (ಎಷ್ಟು ಬಿಗಿಯಾಗಿ ಹಿಡಿಯುತ್ತದೆ ಎಂಬುದರ ಅಳತೆ) 0.89 ಮೈಕ್ರೊಮೋಲಾರ್. ಪೈಪೋಟಿ ಎಂದ ಮೇಲೆ ನಿಮ್ಮ ಐಸಿ50 (ಚಟುವಟಿಕೆಯನ್ನು ಅರ್ಧಕ್ಕೆ ಇಳಿಸುವ ಸಾಂದ್ರತೆ) ಎಟಿಪಿಯನ್ನು ಅವಲಂಬಿಸಿಯೇ ಇರುತ್ತದೆ. ಎಟಿಪಿ ಅದರ ಕೆಎಂಗೆ (ಕಿಣ್ವ ಅರ್ಧ ವೇಗದಲ್ಲಿ ನಡೆಯುವ ಎಟಿಪಿ ಸಾಂದ್ರತೆಗೆ) ಸಮನಾಗಿದ್ದರೆ ಐಸಿ50 ಸುಮಾರು 1.8, ಹತ್ತು ಪಟ್ಟಾಗಿದ್ದರೆ ಸುಮಾರು 9.8. ಎರಡು ಪ್ರಯೋಗಾಲಯಗಳ ಅಂಕಿ ಐದು ಪಟ್ಟು ಬೇರೆ ಬಂದಾಗ ಮೊದಲು ಎಟಿಪಿಯನ್ನು ಹೋಲಿಸಿ. ಎಟಿಪಿಯ ಕೆಎಂ ಅನ್ನು ನಿಮ್ಮ ಬಫರಿನಲ್ಲೇ ಅಳೆದುಕೊಳ್ಳಿ. ಇನ್ನೊಂದು ಪ್ರತಿಬಂಧಕ ಸ್ಫಿಂಕ್ಸ್31ರ ಐಸಿ50 ಕೆಲವೇ ನ್ಯಾನೊಮೋಲಾರ್. ಅದಕ್ಕೆ 10 ನ್ಯಾನೊಮೋಲಾರ್ ಕಿಣ್ವ ಬಳಸಿದರೆ ಉತ್ತರ 5ಕ್ಕಿಂತ ಕೆಳಗೆ ಬರಲು ಸಾಧ್ಯವೇ ಇಲ್ಲ, ಏಕೆಂದರೆ ಕಿಣ್ವದ ಅರ್ಧವನ್ನು ಹಿಡಿಯಲು ಅಷ್ಟು ಅಣುಗಳಾದರೂ ಬೇಕು. ಕಿಣ್ವವನ್ನು 1 ನ್ಯಾನೊಮೋಲಾರಿಗೆ ಇಳಿಸಿ, ಸಮಯ ಹೆಚ್ಚಿಸಿ. ಡಿಎಂಎಸ್‌ಒ (ಈ ಅಣುಗಳನ್ನು ಕರಗಿಸುವ ದ್ರಾವಕ) ಎಲ್ಲ ಬಾವಿಗಳಲ್ಲೂ ಒಂದೇ, ಶೇ. 1ರ ಒಳಗೆ. ಸಿಎಲ್‌ಕೆಗಳನ್ನು ತಡೆಯುವ ಟಿಜಿ003 ಜೊತೆಗಿರಲಿ. ಅದಕ್ಕೆ ನಿಮ್ಮ ಸಿಗ್ನಲ್ ಬಗ್ಗಿದರೆ ಟ್ಯೂಬಿನಲ್ಲಿ ಎಸ್‌ಆರ್‌ಪಿಕೆ1 ಒಂದೇ ಇಲ್ಲ.

ಸ್ಪ್ಲೈಸಿಂಗ್ ಮಿಶ್ರಣಕ್ಕೆ ಹಾಕುವಾಗ

ಹೀಲಾ ಎಂಬ ಮಾನವ ಕೋಶಗಳ ನ್ಯೂಕ್ಲಿಯರ್ ಸಾರಕ್ಕೆ (ಕೋಶಕೇಂದ್ರದಿಂದ ತೆಗೆದ ರಸಕ್ಕೆ) ಕೈನೇಸ್ ಸೇರಿಸುವವರಿಗೆ ಮೊದಲ ಮಾತು: ಹೆಚ್ಚು ಹಾಕಿದಷ್ಟೂ ಸ್ಪ್ಲೈಸಿಂಗ್ ಹೆಚ್ಚುವುದಿಲ್ಲ. 1994ರ ಮೊದಲ ವರದಿಯಲ್ಲೇ ಎಸ್‌ಆರ್‌ಪಿಕೆ1 ಅತಿಯಾದಾಗ ಸ್ಪ್ಲೈಸಿಂಗ್ ನಿಂತದ್ದು ದಾಖಲಾಗಿದೆ. ಎಸ್‌ಆರ್ ಪ್ರೋಟೀನಿಗೆ ಫಾಸ್ಫೇಟ್ ಬರುವುದೂ ಬೇಕು, ಮುಂದಿನ ಹಂತದಲ್ಲಿ ಹೋಗುವುದೂ ಬೇಕು. ಹಾಗಾಗಿ ಕಡಿಮೆಯಿಂದ ಹೆಚ್ಚಿಗೆ ಕನಿಷ್ಠ ಐದು ಪ್ರಮಾಣ ಹಾಕಿ ನೋಡಿ.

ಎರಡನೆಯದು, ಕಿಣ್ವದ ಜೊತೆ ಬರುವ ಬಫರ್. 25 ಮೈಕ್ರೊಲೀಟರಿನ ಈ ಪ್ರಯೋಗ 60 ಮಿಲಿಮೋಲಾರ್ ಸುತ್ತಲಿನ ಪೊಟ್ಯಾಸಿಯಂ, 3.2 ಮಿಲಿಮೋಲಾರ್ ಮೆಗ್ನೀಸಿಯಂ ಎಂಬ ಇಕ್ಕಟ್ಟಿನ ಅಳತೆಯಲ್ಲಿ ನಡೆಯುತ್ತದೆ. ಸೋಡಿಯಂ ಉಪ್ಪು, ಇಮಿಡಜೋಲ್, ಗ್ಲುಟಥಯೋನ್ ತುಂಬಿದ ಕಿಣ್ವವನ್ನು ಮೂರು ಮೈಕ್ರೊಲೀಟರ್ ಸುರಿದರೆ ಸ್ಪ್ಲೈಸಿಂಗ್ ಕೆಡುವುದು ಬಫರಿನಿಂದ, ಹೆಸರು ಬರುವುದು ಕೈನೇಸಿಗೆ. ನ್ಯೂಕ್ಲಿಯರ್ ಸಾರ ತಯಾರಿಸುವ ಡಿಗ್ನಮ್ ವಿಧಾನದ ‘ಬಫರ್ ಡಿ’ಗೆ ಮೊದಲೇ ಡಯಾಲಿಸಿಸ್ ಮಾಡಿ: 20 ಮಿಲಿಮೋಲಾರ್ ಹೆಪೆಸ್ ಪಿಎಚ್ 7.9, 100 ಮಿಲಿಮೋಲಾರ್ ಪೊಟ್ಯಾಸಿಯಂ ಕ್ಲೋರೈಡ್, 0.2 ಮಿಲಿಮೋಲಾರ್ ಇಡಿಟಿಎ, ಶೇ. 20 ಗ್ಲಿಸರಾಲ್, 0.5 ಮಿಲಿಮೋಲಾರ್ ಡಿಟಿಟಿ. 1 ಮೈಕ್ರೊಲೀಟರಿಗಿಂತ ಹೆಚ್ಚು ಹಾಕಬೇಡಿ. ಅಷ್ಟೇ ಬಫರ್ ಹಾಕಿದ್ದು ಒಂದು, ಅಷ್ಟೇ ಸತ್ತ ಕಿಣ್ವ ಹಾಕಿದ್ದು ಒಂದು, ಎರಡೂ ಪಕ್ಕದಲ್ಲಿ ಓಡಲಿ.

ಮೊದಲೇ ಫಾಸ್ಫೇಟ್ ಹಚ್ಚಿದ ಎಸ್‌ಆರ್‌ಎಸ್‌ಎಫ್1ನ್ನು ಸಾರಕ್ಕೆ ಹಾಕಿದರೆ ಅದು ಹಾಗೆಯೇ ಉಳಿಯುತ್ತದೆ ಎಂದುಕೊಳ್ಳಬೇಡಿ. ಸಾರದೊಳಗೆ ಸಿಎಲ್‌ಕೆ, ಎಸ್‌ಆರ್‌ಪಿಕೆ, ಪಿಪಿ1 ಫಾಸ್ಫಟೇಸ್ ಎಲ್ಲವೂ ಇವೆ. ಒಂದು ಟ್ಯೂಬನ್ನು ಸ್ಪ್ಲೈಸಿಂಗಿಗೆ ಓಡಿಸಿದಾಗ ಅದರ ಜೋಡಿ ಟ್ಯೂಬನ್ನು ಅದೇ ಸಮಯಗಳಲ್ಲಿ ನಿಲ್ಲಿಸಿ, ಫಾಸ್ಫೇಟ್ ಇರುವ ಎಸ್‌ಆರ್ ಪ್ರೋಟೀನುಗಳನ್ನು ಹಿಡಿಯುವ ಎಂಎಬಿ104 ಪ್ರತಿಕಾಯದಿಂದ ಫಾಸ್ಫೇಟ್ ಸ್ಥಿತಿ ನೋಡಿ.

ಇವೆಲ್ಲಕ್ಕೂ ಮುಂಚೆ, ಪ್ರತಿ ಹೊಸ ಲಾಟ್ ಕಿಣ್ವಕ್ಕೆ ಮತ್ತು ಪ್ರತಿ ಹೊಸ ಸಬ್‌ಸ್ಟ್ರೇಟಿಗೆ ಒಂದು ಸಣ್ಣ ಪರೀಕ್ಷೆ ಮಾಡಿ. ಸಾರ ಹಾಕದೆ, ಲೇಬಲ್ ಮಾಡಿದ ಬೀಟಾ-ಗ್ಲೋಬಿನ್ ಪ್ರಿ-ಎಂಆರ್‌ಎನ್‌ಎ (ಇನ್ನೂ ಸ್ಪ್ಲೈಸಿಂಗ್ ಆಗದ ಆರ್‌ಎನ್‌ಎ) ಜೊತೆ 30 ಡಿಗ್ರಿಯಲ್ಲಿ ಒಂದು ತಾಸು ಇಟ್ಟು, ಯೂರಿಯಾ ಜೆಲ್‌ನಲ್ಲಿ ಓಡಿಸಿ. ಬಫರ್ ಮಾತ್ರ ಇದ್ದ ಬಾವಿಯಷ್ಟೇ ಚೂಪಾದ ಬ್ಯಾಂಡ್ ಬಂದರೆ ಆ ಲಾಟನ್ನು ಸ್ಪ್ಲೈಸಿಂಗಿಗೆ ಬಳಸಬಹುದು. ಬ್ಯಾಂಡಿನ ಕೆಳಗೆ ಹೊಗೆಯಂತೆ ಮಸುಕು ಇಳಿದಿದ್ದರೆ ಅದರಲ್ಲಿ ಆರ್‌ಎನ್‌ಏಸ್ ಇದೆ. ಟ್ಯೂಬಿನ ಮೇಲೆ ‘ಜೆಲ್ ಕೆಲಸಕ್ಕೆ ಮಾತ್ರ’ ಎಂದು ಬರೆದು ಬೇರೆ ಡಬ್ಬಕ್ಕೆ ಹಾಕಿ.